ಸೈಕಲ್ಲಿಗೂ ಅಳತೆ ಬೇಕು

ಶಾಲೆಯ ಅಂಗಿ ಹೊಲಿಸುವಾಗ "ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ, ಒಳಗೆ ಮಡಿಕೆ ಬಿಡಿ" ಎಂದು ದರ್ಜಿಗೆ ಹೇಳುವುದು ನಮ್ಮ ಮನೆಗಳ ರೂಢಿ. ಅಂಗಿಗೆ ಅದು ಸರಿ. ಸೈಕಲ್ಲಿಗೆ ಮಾತ್ರ ನಡೆಯುವುದಿಲ್ಲ. ಬಾಗಿದ ಹ್ಯಾಂಡಲಿನ ರೇಸಿಂಗ್ ಸೈಕಲ್ಲಿಗಂತೂ ಖಂಡಿತ ಇಲ್ಲ.

ನಾವು ಚಿಕ್ಕವರಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ತುಳಿದೇ ಕಲಿತವರು. ಆ ಸೈಕಲ್ಲಿನ ವೇಗ ಕಡಿಮೆ. ಬಿದ್ದರೆ ಮೊಣಕಾಲು ತರಚುತ್ತಿತ್ತು, ಅಷ್ಟೇ. ರೇಸಿಂಗ್ ಸೈಕಲ್ ಸುಲಭವಾಗಿ ಗಂಟೆಗೆ 25-30 ಕಿ.ಮೀ. ಓಡುತ್ತದೆ. ನಾಯಿ ಅಡ್ಡ ಬಂದಾಗ ತಟ್ಟನೆ ಬ್ರೇಕ್ ಹಿಡಿದು ಕಾಲು ನೆಲಕ್ಕೆ ಊರಲು ಆಗಲೇಬೇಕು.

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಓಟದ ಹುಚ್ಚು ಹಳೆಯದು. ಹತ್ತನೆಯ ತರಗತಿ ಮುಗಿಸಿದ ನನ್ನ ಮೊಮ್ಮಗಳಿಗೂ ಅದು ಹತ್ತಿತು. ಹೊಸದರ ಬೆಲೆ ನನ್ನ ಪಿಂಚಣಿಗೆ ಎಟಕುವಂಥದ್ದಲ್ಲ. ಹಳೆಯದನ್ನೇ ಕೊಳ್ಳುವುದೆಂದಾಯಿತು. ಇನ್ನೊಂದು ಸಲ ಕೊಡಿಸುವ ಶಕ್ತಿ ಇಲ್ಲ, ಆದ್ದರಿಂದ ಮೊದಲನೆಯದೇ ಸರಿಯಾಗಿರಬೇಕಿತ್ತು.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಅವಳ ಕಾಲಿನ ಅಳತೆ ತೆಗೆದೆ. ವಯಸ್ಸಾಗಲಿ ಎತ್ತರವಾಗಲಿ ಸಾಲದು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಮೈ ಉದ್ದ ಇರಬಹುದು. ಕ್ರಮ ಹೀಗೆ: ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ, ಪಾದಗಳ ನಡುವೆ ಒಂದು ಗೇಣು ಬಿಟ್ಟು ನಿಲ್ಲಬೇಕು. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ, ಸೀಟಿನ ಮೇಲೆ ಕೂತಂತೆ ಮೇಲಕ್ಕೆ ಒತ್ತಿ ಹಿಡಿಯಬೇಕು. ಪುಸ್ತಕದ ಒಂದು ಅಂಚು ಗೋಡೆಗೆ ತಾಗಿರಲಿ. ಅದರ ಮೇಲಂಚಿಗೆ ಪೆನ್ಸಿಲ್ ಗುರುತು ಹಾಕಿ, ನೆಲದಿಂದ ಅಲ್ಲಿಯವರೆಗೆ ಟೇಪು ಹಿಡಿಯಿರಿ. ನನ್ನ ಮೊಮ್ಮಗಳದು 76 ಸೆಂ.ಮೀ. ಬಂತು.

ಈಗ ಸಣ್ಣ ಗುಣಾಕಾರ. ಟೂರ್ ಡಿ ಫ್ರಾನ್ಸ್ ಓಟವನ್ನು 1986, 1989 ಮತ್ತು 1990ರಲ್ಲಿ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಒಂದು ಲೆಕ್ಕ ಪ್ರಸಿದ್ಧ. ಕಾಲಿನ ಅಳತೆಯನ್ನು 0.67ರಿಂದ ಗುಣಿಸಿದರೆ ಫ್ರೇಮಿನ ಅಳತೆ. 0.883ರಿಂದ ಗುಣಿಸಿದರೆ ಕ್ರ್ಯಾಂಕಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ. ನಮಗೆ ಬಂದದ್ದು ಸುಮಾರು 51 ಮತ್ತು 67 ಸೆಂ.ಮೀ. ಫ್ರೇಮಿನ ಅಳತೆ ಎಂದರೆ ಸೀಟಿನ ಕೆಳಗಿನ ಕೊಳವೆಯ ಉದ್ದ. ಕ್ರ್ಯಾಂಕಿನ ಅಚ್ಚಿನ ನಡುವಿನಿಂದ ಮೇಲಿನ ಬಾರಿನವರೆಗೆ. ಬಾರು ನೆಲಕ್ಕೆ ಸಮನಾಗಿರುವ ಹಳೆಯ ಮಾದರಿಗಳಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಬಾರು ಹಿಂದಕ್ಕೆ ಇಳಿಜಾರಾಗಿದ್ದರೆ ಹತ್ತಿ ನೋಡಿಯೇ ತೀರ್ಮಾನಿಸಬೇಕು. ಲೆಕ್ಕ ಏನೇ ಹೇಳಲಿ, ಕೊನೆಯ ಮಾತು ಮೈಯದು.

ಅಂಗಡಿಯಲ್ಲಿ ಎರಡು ಸೈಕಲ್ ಇದ್ದವು. ಒಂದು ಮಿರಿಮಿರಿ ಕೆಂಪು, 56ರ ಫ್ರೇಮು. ಇನ್ನೊಂದು ಬಣ್ಣ ಮಾಸಿದ ನೀಲಿ, 50ರದು. ಬೆಲೆ ಹೆಚ್ಚುಕಡಿಮೆ ಒಂದೇ.

"ಅಜ್ಜಾ, ಕೆಂಪುದು ಭಾಳ ಚಂದ ಐತಿ" ಎಂದಳು ಹುಡುಗಿ.

ಅಂಗಡಿಯವನೂ ದನಿಗೂಡಿಸಿದ. "ಅಜ್ಜಾರ, ಹುಡುಗಿ ಇನ್ನಾ ಬೆಳಿತಾಳ. ಇದನ್ನ ತಗೋರಿ, ಸೀಟು ಇಳಿಸಿ ಕೊಡ್ತೀನಿ."

"ಸೀಟು ಇಳೀತೈತಿ, ಬಾರು ಇಳಿಯಂಗಿಲ್ಲಲ್ಲಪಾ" ಎಂದೆ.

ಬೂಟು ಹಾಕಿಕೊಂಡೇ ಕೆಂಪು ಸೈಕಲ್ಲಿನ ಬಾರಿನ ಎರಡೂ ಬದಿಗೆ ಕಾಲಿಟ್ಟು ನಿಲ್ಲಲು ಹೇಳಿದೆ. ಬಾರು ತಾಗಿ ಹಿಮ್ಮಡಿ ಮೇಲೆದ್ದಿತು. ಸೀಟಿನ ಮೇಲೆ ಕೂರಿಸಿ ಬ್ರೇಕಿನ ಬುಡ ಹಿಡಿಸಿದರೆ ಮೊಣಕೈ ಕೋಲಿನಂತೆ ಸೆಟೆದಿತ್ತು. ನೀಲಿ ಸೈಕಲ್ಲಿನಲ್ಲಿ ಪಾದ ಪೂರ್ತಿ ನೆಲಕ್ಕೂರಿ, ಬಾರಿನ ಮೇಲೆ ಎರಡು ಬೆರಳು ಜಾಗ ಉಳಿಯಿತು. ಮೊಣಕೈ ಸ್ವಲ್ಪ ಬಾಗಿತ್ತು. ಒಂದು ಸುತ್ತು ಹೊಡೆದು ಬಂದವಳೇ "ಕೈ ನೋಯಂಗಿಲ್ಲಜ್ಜಾ, ಹಿಂದ ತಿರುಗಿ ನೋಡಾಕೂ ಬರ್ತೈತಿ" ಎಂದಳು. ಕೆಂಪಿನ ಮಾತು ಮತ್ತೆ ಬರಲಿಲ್ಲ.

ಬೆಳೆಯುವ ಮಕ್ಕಳ ಚಿಂತೆ ಸುಳ್ಳಲ್ಲ. ಆದರೆ ಎರಡು ಅಳತೆಗಳ ನಡುವೆ ಇರುವ ಮಗುವಿಗೆ ಸಣ್ಣದೇ ಲೇಸು. ಸಣ್ಣ ಫ್ರೇಮಿನ ಸೀಟನ್ನು ಏರಿಸಬಹುದು, ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮನ್ನು ಉದ್ದದ್ದಕ್ಕೆ ಬದಲಿಸಬಹುದು. ದೊಡ್ಡದನ್ನು ಕುಗ್ಗಿಸುವ ಉಪಾಯವಿಲ್ಲ. ಹಾಗೆಂದು ತೀರಾ ಸಣ್ಣದೂ ಬೇಡ. ಸೀಟಿನ ಕಂಬದ ಮೇಲೆ ಒಂದು ಮಿತಿಯ ಗೆರೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಏರಿಸಿದರೆ ಕಂಬ ಮುರಿಯಬಹುದು, ಫ್ರೇಮೇ ಸೀಳಬಹುದು.

ಹಳೆಯದನ್ನು ಕೊಳ್ಳುವಾಗ ಇನ್ನೂ ಕೆಲವನ್ನು ನೋಡಿ. ಸೀಟಿನ ಕಂಬವನ್ನು ಸಡಿಲಿಸಿ ಏರಿಸಿ ಇಳಿಸಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಎತ್ತರ ಹೊಂದಿಸುವಂತಿಲ್ಲ. ಹ್ಯಾಂಡಲಿನ ಕೆಳಗೆ ಕೊಳವೆಗಳು ಸೇರುವ ಕಡೆ ಬಣ್ಣ ಸುಕ್ಕುಗಟ್ಟಿದ್ದರೆ, ಬಿರುಕು ಕಂಡರೆ, ಅದು ಎಲ್ಲೋ ಗುದ್ದಿಕೊಂಡ ಸೈಕಲ್ಲಿರಬಹುದು; ಬಿಟ್ಟುಬಿಡಿ. ಸೈಕಲ್ಲನ್ನು ತಲೆಕೆಳಗು ಮಾಡಿದರೆ ಸಾಮಾನ್ಯವಾಗಿ ಕ್ರ್ಯಾಂಕಿನ ಅಚ್ಚಿನ ಅಡಿಯಲ್ಲಿ ಒಂದು ಸಂಖ್ಯೆ ಕೊರೆದಿರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಕದ್ದ ಮಾಲಿರಬಹುದು. ಸಂಖ್ಯೆ ಸಮೇತ ರಸೀದಿ ಬರೆಸಿಕೊಳ್ಳಿ. ಟೈರು, ಚೈನು, ಬ್ರೇಕಿನ ರಬ್ಬರು ಸವೆದಿದ್ದರೆ ಚಿಂತೆಯಿಲ್ಲ, ಅವು ಬದಲಾಗುವ ವಸ್ತುಗಳು. ಆ ಖರ್ಚನ್ನು ಹೇಳಿ ಬೆಲೆ ಇಳಿಸಬಹುದು.

ಮಕ್ಕಳೇ, ಸೈಕಲ್ ಬೇಕೆಂದು ಹಟ ಹಿಡಿಯುವ ಮೊದಲು ಒಂದು ಪುಸ್ತಕ, ಪೆನ್ಸಿಲ್, ಟೇಪು ತಗೊಂಡು ಅಜ್ಜನನ್ನೋ ಅಜ್ಜಿಯನ್ನೋ ಗೋಡೆಯ ಬಳಿಗೆ ಕರೆಯಿರಿ. ಗುಣಾಕಾರ ನೀವು ಮಾಡಿ, ಗುರುತು ಅವರು ಹಾಕಲಿ. ಆ ಚೀಟಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ, ಬಣ್ಣ ನೋಡಿ ಮನಸ್ಸು ಎಷ್ಟೇ ಜಾರಿದರೂ ಲೆಕ್ಕ ಜಾರುವುದಿಲ್ಲ.