ಗೆಳೆಯನ ಕಾರು, ನಮ್ಮ ಕಾಲು

ಭಾನುವಾರ ಬಂತು ಅಂದ್ರೆ ಬೆಂಗಳೂರಿನ ಹುಡುಗರು ಮಾಗಡಿ ರಸ್ತೆ ಹಿಡೀತಾರೆ, ಸಾವನದುರ್ಗ ಹತ್ತೋಕೆ. ಗೆಳೆಯನ ಕಾರು, ಒಳಗೆ ನಾಲ್ವರು. ತಿರುವಿನಲ್ಲಿ ಕಾರು ಮರಕ್ಕೆ ಗುದ್ದಿ ನಿಮ್ಮ ಕಾಲು ಮುರೀತು ಅಂತಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಡಾಕ್ಟರ್ ಏನಾಯ್ತು ಅಂತಾರೆ. ಗೆಳೆಯನ್ನ ಉಳಿಸೋಕೆ ನೀವು ‘ಮನೇಲಿ ಜಾರಿ ಬಿದ್ದೆ’ ಅಂತೀರಿ.

ಆ ಒಂದು ಸಾಲು ಆಸ್ಪತ್ರೆ ದಾಖಲೆಗೆ ಹೋಗುತ್ತೆ. ನಾಳೆ ವಿಮಾ ಕಂಪನಿ ವಕೀಲರು ಮೊದಲು ಎತ್ತಿ ಹಿಡಿಯೋದು ಅದನ್ನೇ!

ಪೊಲೀಸ್ ಕೇಸು ಬೇರೆ, ಪರಿಹಾರದ ಅರ್ಜಿ ಬೇರೆ. ಎರಡನೆಯದು ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಬರುತ್ತೆ; ಅದರಲ್ಲಿ ಯಾರನ್ನೂ ಜೈಲಿಗೆ ಕಳಿಸೋದಿಲ್ಲ. ಕಾರಿಗೆ ಕಾಂಪ್ರಹೆನ್ಸಿವ್ ಪಾಲಿಸಿ ಇದ್ರೆ ಒಳಗೆ ಕೂತವರ ಪರಿಹಾರ ಸಾಮಾನ್ಯವಾಗಿ ಕಂಪನಿಯ ಹೊಣೆ. ಬರೀ ಥರ್ಡ್ ಪಾರ್ಟಿ ವಿಮೆ ಆದ್ರೆ ಕಂಪನಿ ಕೈ ಎತ್ತುತ್ತೆ, ಭಾರವೆಲ್ಲ ಗೆಳೆಯನ ತಲೆಗೆ. ಸ್ವಲ್ಪ ದುಡ್ಡು ಉಳೀತು ಅಂತ ಅಗ್ಗದ ಪಾಲಿಸಿ ತಗೊಳ್ಳೋರು ಇದನ್ನ ಯೋಚಿಸೋದೇ ಇಲ್ಲ.

ಅಪಘಾತ ಮಾಗಡಿ ತಾಲ್ಲೂಕಲ್ಲಾಯ್ತು, ಅಲ್ಲಿಗೇ ಅಲೀಬೇಕಾ? ಬೇಡ. ನೀವು ವಾಸ ಇರೋ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಆದರೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ಅಪಘಾತವಾದ 6 ತಿಂಗಳೊಳಗೆ ಹಾಕಿ ಅನ್ನುತ್ತೆ. ಪ್ಲಾಸ್ಟರ್ ಬಿಚ್ಚಿ, ಫಿಸಿಯೋಥೆರಪಿ ಮುಗಿಸೋಷ್ಟರಲ್ಲೇ ಅರ್ಧ ಅವಧಿ ಹೋಗಿರುತ್ತೆ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಔಷಧಿ ಅಂಗಡಿಯ ಪ್ರತಿ ಬಿಲ್ಲು, ಸಂಬಳದ ಚೀಟಿ ಇವನ್ನ ಮೊದಲ ದಿನದಿಂದಲೇ ಒಂದು ಚೀಲದಲ್ಲಿ ಹಾಕಿಡೋಕೆ ಮನೆಯವರಿಗೆ ಹೇಳಿ.