ಆಡಿನ ಹಾಲು ಕುಡಿದವರು ಗುಣವಾದದ್ದು ನಿಜ

ಚಿತ್ರದುರ್ಗದ ಸುತ್ತ, ಮದಕರಿಪುರವಿರಲಿ ಹೊಳಲ್ಕೆರೆಯಿರಲಿ, ಮನೆಯಲ್ಲಿ ಒಬ್ಬರಿಗೆ ಟಿಬಿ ಎಂದು ಗೊತ್ತಾದರೆ ಮಾತ್ರೆಗಿಂತ ಮೊದಲು ಸಲಹೆಗಳು ಬಂದು ಕೂರುತ್ತವೆ. ಆಡಿನ ಹಾಲು ಕುಡಿಸಿ. ತಟ್ಟೆ ಲೋಟ ಬೇರೆ ಇಡಿ. ಮಾತ್ರೆ ಹೀಟು, ಮಜ್ಜಿಗೆ ಜಾಸ್ತಿ ಕೊಡಿ. ಕೆಮ್ಮು ನಿಂತ ಮೇಲೆ ಇನ್ನೇನು, ಮಾತ್ರೆ ಬಿಡಿ. ಹೇಳುವವರು ಕೇಡು ಬಯಸಿ ಹೇಳುವುದಿಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. "ನಮ್ಮ ದೊಡ್ಡಪ್ಪಗೂ ಇದೇ ಕಾಯಿಲೆ ಕಣಮ್ಮ, ಆಡಿನ ಹಾಲು ಕುಡಿದೇ ವಾಸಿಯಾಯ್ತು, ಎಂಬತ್ತು ವರ್ಷ ಗಟ್ಟಿಯಾಗಿದ್ದ" ಎಂಬ ಮಾತನ್ನು ಸುಳ್ಳು ಅನ್ನುವಂತಿಲ್ಲ. ದೊಡ್ಡಪ್ಪ ಬದುಕಿದ್ದು ನಿಜವೇ. ಹಾಲಿನಿಂದ ಬದುಕಿದನೇ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ ಉದ್ಘಾಟಿಸಿದರು. ಆ ಸಂಸ್ಥೆಯ ತಂಡ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮನೆಮನೆ ತಿರುಗಿತು. ಎಕ್ಸ್‌ರೇ ತೆಗೆದರು, ಕಫ ಪರೀಕ್ಷಿಸಿದರು, ಮತ್ತೆ ಮತ್ತೆ ಅದೇ ಮನೆಗಳಿಗೆ ಹೋಗಿ ಅದೇ ಜನರನ್ನು ನೋಡಿದರು. ಸಂಘಟಿತ ಟಿಬಿ ಚಿಕಿತ್ಸೆ ಆ ಹಳ್ಳಿಗಳನ್ನು ಇನ್ನೂ ಮುಟ್ಟಿರಲಿಲ್ಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಕಂಡ 126 ಜನರು ಐದು ವರ್ಷದ ಹೊತ್ತಿಗೆ ಏನಾಗಿದ್ದರು? ನೂರಕ್ಕೆ 49 ಮಂದಿ ತೀರಿಕೊಂಡಿದ್ದರು. 18 ಮಂದಿ ಇನ್ನೂ ಕ್ರಿಮಿ ಕೆಮ್ಮುತ್ತಲೇ ಇದ್ದರು. ಉಳಿದ 33 ಮಂದಿಯ ಕಫದಲ್ಲಿ ಕ್ರಿಮಿ ಇರಲಿಲ್ಲ.

ದೊಡ್ಡಪ್ಪ ಇರುವುದು ಈ ಮೂವತ್ತಮೂರರಲ್ಲಿ. ಮೂವರಲ್ಲಿ ಒಬ್ಬರನ್ನು ಅವರ ಮೈಯೇ ಕಾಪಾಡುತ್ತಿತ್ತು. ಆ ಹೊತ್ತಿಗೆ ಅವರು ಆಡಿನ ಹಾಲು ಕುಡಿಯುತ್ತಿದ್ದರೆ ಹಾಲಿಗೆ, ನಾಟಿ ಔಷಧಿ ತಿನ್ನುತ್ತಿದ್ದರೆ ಸೊಪ್ಪಿಗೆ, ಹರಕೆ ಹೊತ್ತಿದ್ದರೆ ದೇವರಿಗೆ ಹೆಸರು ಬಂತು. ಅದೇ ಹಾಲು ಕುಡಿದೂ ಸತ್ತವರು ಸಲಹೆ ಕೊಡಲು ಪಡಸಾಲೆಗೆ ಬರುವುದಿಲ್ಲವಲ್ಲ, ನಮಗೆ ಕೇಳಿಸುವುದು ಬದುಕಿದವರ ಕತೆ ಮಾತ್ರ. (ಅಂಥ ಸಮೀಕ್ಷೆ ಈಗ ನಡೆಸಲು ಬಿಡುವುದಿಲ್ಲ, ಬಿಡಲೂಬಾರದು. ಕ್ರಿಮಿ ಕಂಡವರಿಗೆ ಮಾತ್ರೆ ಕೊಡದೆ ಬರೀ ಎಣಿಸುತ್ತ ಕೂರುವುದು ಇವತ್ತಿನ ನೀತಿಗೆ ಒಪ್ಪುವ ಮಾತಲ್ಲ. ಆದರೂ ಆ ಲೆಕ್ಕ ಇಲ್ಲದಿದ್ದರೆ ಹಾಲಿನ ವಾದಕ್ಕೆ ಉತ್ತರವೂ ಇರುತ್ತಿರಲಿಲ್ಲ.)

ಹಾಲಿನಷ್ಟೇ ಹಳೆಯ ಇನ್ನೊಂದು ನಂಬಿಕೆ ಹವಾ ಬದಲಾವಣೆಯದು. ಇದು ಹಳ್ಳಿಯವರದ್ದಲ್ಲ, ಡಾಕ್ಟರುಗಳದ್ದೇ. ಒಳ್ಳೆ ಗಾಳಿ, ಹಾಸಿಗೆ ಬಿಟ್ಟೇಳದ ವಿಶ್ರಾಂತಿ, ಹಾಲು ಮೊಟ್ಟೆ ಇಷ್ಟಿದ್ದರೆ ಕ್ಷಯ ಹೋಗುತ್ತದೆ ಎಂದೇ ಸ್ಯಾನಿಟೋರಿಯಂಗಳನ್ನು ಕಟ್ಟಿದ್ದು. ಮೈಸೂರಿನ ಪಿಕೆಟಿಬಿ ಸ್ಯಾನಿಟೋರಿಯಂ ಹೊತ್ತಿರುವುದು ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು. ಟಿಬಿ ಬಡವರಿಗಷ್ಟೇ ಬರುವ ಕಾಯಿಲೆ ಅನ್ನುವವರು ಆ ಬೋರ್ಡು ನೋಡಿದರೆ ಸಾಕು. ಜೋಗಿಮಟ್ಟಿಯಂಥ ಗಾಳಿಗುಡ್ಡ ಪಕ್ಕದಲ್ಲೇ ಇರುವ ನಮ್ಮವರಿಗೂ ಗಾಳಿಯ ಮೇಲೆ ಭರವಸೆ ಜಾಸ್ತಿ.

ಗಾಳಿಯನ್ನೂ ಹಾಸಿಗೆಯನ್ನೂ ಒರೆಗೆ ಹಚ್ಚಿದ್ದು ಮದರಾಸಿನಲ್ಲಿ. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಬ್ರಿಟನ್ನಿನಿಂದ ಬಂದ ಡಾಕ್ಟರ್ ವಾಲೇಸ್ ಫಾಕ್ಸ್ ಅದರ ಹೊಣೆ ಹೊತ್ತಿದ್ದರು. ಕಿಕ್ಕಿರಿದ ಬಡ ಬೀದಿಗಳ 193 ರೋಗಿಗಳನ್ನು ತೆಗೆದುಕೊಂಡು, ಯಾರು ಮನೆಯಲ್ಲಿರಬೇಕು ಯಾರು ಸ್ಯಾನಿಟೋರಿಯಂಗೆ ಹೋಗಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಡಾಕ್ಟರಿಗೆ ಬಿಟ್ಟಿದ್ದರೆ ಜಾಸ್ತಿ ಸೊರಗಿದವರನ್ನು ಸ್ಯಾನಿಟೋರಿಯಂಗೆ ಕಳಿಸಿ ಲೆಕ್ಕ ಕೆಡುತ್ತಿತ್ತು. ಇಬ್ಬರಿಗೂ ಅದೇ ಎರಡು ಔಷಧಿ, ಐಸೋನಿಯಜಿಡ್ ಮತ್ತು ಪಿಎಎಸ್, ಒಂದು ವರ್ಷ. ಸ್ಯಾನಿಟೋರಿಯಂನವರಿಗೆ ನರ್ಸು, ಗಾಳಿ ಬೆಳಕು, ಹೊಟ್ಟೆ ತುಂಬ ಊಟ. ಮನೆಯವರಿಗೆ ಇಕ್ಕಟ್ಟಿನ ಕೋಣೆ, ಇದ್ದದ್ದರಲ್ಲಿ ಊಟ, ಕೆಲವರಿಗೆ ದುಡಿಮೆಯೂ ಉಂಟು. ಮಾತ್ರೆ ನುಂಗಿದ್ದಾರೋ ಇಲ್ಲವೋ ಎಂದು ಹೇಳದೆ ಕೇಳದೆ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡುತ್ತಿದ್ದರು.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ಕ್ರಿಮಿ ಹತೋಟಿಗೆ ಬಂದವರು ಸ್ಯಾನಿಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ 86. ಅಷ್ಟು ಸೌಕರ್ಯಕ್ಕೆ ಸಿಕ್ಕಿದ್ದು ಇಷ್ಟೇ ಅಂತರ! ಸ್ಯಾನಿಟೋರಿಯಂನವರು ತೂಕ ಜಾಸ್ತಿ ಏರಿದರು, ನಿಜ. ಆದರೆ ಕ್ರಿಮಿಯನ್ನು ಕೊಂದದ್ದು ಮಾತ್ರೆ. ನನ್ನ ಮಟ್ಟಿಗೆ ಇದು ಬಡ ದೇಶಗಳಿಗೆ ಸಿಕ್ಕ ಬಹುದೊಡ್ಡ ಬಿಡುಗಡೆ. ಲಕ್ಷಾಂತರ ಹಾಸಿಗೆ ಕಟ್ಟದೆಯೇ ಟಿಬಿ ವಾಸಿ ಮಾಡಬಹುದು ಎಂದು ಅವತ್ತೇ ಗೊತ್ತಾಯಿತು.

ತಟ್ಟೆ ಲೋಟ ಬೇರೆ ಇಡುವವರಿಗೂ, ರೋಗಿಯ ಹಾಸಿಗೆಯನ್ನು ಹಟ್ಟಿಯ ಆಚೆಗೆ ಹಾಕುವವರಿಗೂ ಉತ್ತರ ಅಲ್ಲೇ ಸಿಕ್ಕಿತು. ಮನೆಯಲ್ಲೇ ಉಳಿದ ರೋಗಿಗಳ ಹೆಂಡತಿ ಮಕ್ಕಳನ್ನು ಐದು ವರ್ಷ ಗಮನಿಸಿದರು. ರೋಗಿಯನ್ನು ಸ್ಯಾನಿಟೋರಿಯಂಗೆ ಕಳಿಸಿದ್ದ ಮನೆಗಳಿಗಿಂತ ಇವರಿಗೆ ಟಿಬಿ ಜಾಸ್ತಿಯೇನೂ ಬರಲಿಲ್ಲ. ಅಂಟುವುದು ಬಹುಮಟ್ಟಿಗೆ ಕಾಯಿಲೆ ಗೊತ್ತಾಗುವ ಮೊದಲೇ, ಕೆಮ್ಮಿನ ಗಾಳಿಯಿಂದ. ಸರಿಯಾದ ಮಾತ್ರೆ ಶುರುವಾದ ಮೇಲೆ ಅಂಟಿಸುವ ಶಕ್ತಿ ಬೇಗ ಕುಗ್ಗುತ್ತದೆ. ತಟ್ಟೆಯಿಂದ ಟಿಬಿ ಬರುವುದೇ ಇಲ್ಲ. ಕಿಟಕಿ ತೆಗೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ, ಮನೆಯವರೆಲ್ಲ ತಪಾಸಣೆ ಮಾಡಿಸಿಕೊಳ್ಳಲಿ, ಕಾಯಿಲೆ ಇಲ್ಲದವರಿಗೂ ತಡೆ ಮಾತ್ರೆ ಇದೆ. ಸೊಸೆಗೆ ಟಿಬಿ ಬಂದರೆ ತವರಿಗೆ ಅಟ್ಟುವ ಮನೆಯವರು ಮಗನಿಗೆ ಬಂದರೆ ಎಲ್ಲಿಗೆ ಕಳಿಸುತ್ತಾರೆ ಎಂದು ಕೇಳಬೇಕೆನಿಸುತ್ತದೆ.

ಇವುಗಳಿಗಿಂತ ಹೆಚ್ಚು ಜೀವ ತೆಗೆಯುವ ತಪ್ಪು ಕಲ್ಪನೆ ಬೇರೆಯದು: ಕೆಮ್ಮು ನಿಂತಿತು, ಆದ್ದರಿಂದ ಕಾಯಿಲೆ ಹೋಯಿತು. ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಜ್ವರ ಇಳಿಯುತ್ತದೆ, ಹಸಿವಾಗುತ್ತದೆ, ಮುದ್ದೆ ರುಚಿಸುತ್ತದೆ. ಎರಡನೇ ತಿಂಗಳಿಗೆ ಹೊಲದ ಕೆಲಸಕ್ಕೂ ಹೋಗುತ್ತಾರೆ. ಅಲ್ಲಿಗೆ ಮಾತ್ರೆ ನೆನಪಾಗುವುದಿಲ್ಲ. ಶೇಂಗಾ ಹೊಲದಲ್ಲಿ ಕಳೆ ಕಿತ್ತವರಿಗೆ ಇದು ಗೊತ್ತಿರುವ ಸಂಗತಿ: ಮೇಲೆ ಹಸಿರು ಕಾಣದಿದ್ದರೂ ಗರಿಕೆಯ ಬೇರು ಒಳಗೆ ಇರುತ್ತದೆ. ವೇಗವಾಗಿ ಬೆಳೆಯುವ ಕ್ರಿಮಿಗಳು ಮೊದಲ ದಿನಗಳಲ್ಲೇ ಸಾಯುತ್ತವೆ. ಅರೆನಿದ್ದೆಯಲ್ಲಿರುವ ಒಂದಿಷ್ಟು ಕ್ರಿಮಿಗಳಿಗೆ ತಿಂಗಳುಗಟ್ಟಲೆ ಪೆಟ್ಟು ಬೇಕು.

ನಾಲ್ಕು ಔಷಧಿ, ಆರು ತಿಂಗಳು ಎಂಬ ಈಗಿನ ಚಿಕಿತ್ಸೆ ಯಾರೋ ಕೂತು ಊಹಿಸಿದ ಲೆಕ್ಕವಲ್ಲ. ಸ್ಟ್ರೆಪ್ಟೋಮೈಸಿನ್ ಹೊಸದಾಗಿ ಬಂದಾಗ ಬ್ರಿಟನ್ನಿನಲ್ಲಿ 107 ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ 1948ರಲ್ಲಿ ಹೊರಬಂತು. ಆರು ತಿಂಗಳಿಗೆ ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಮಂದಿ ಸತ್ತಿದ್ದರು, ಔಷಧಿ ಪಡೆದ 55ರಲ್ಲಿ ನಾಲ್ವರು ಮಾತ್ರ. ಎಲ್ಲರೂ ಗೆದ್ದೆವೆಂದುಕೊಂಡರು. ಐದು ವರ್ಷ ಕಳೆದು ಮತ್ತೆ ಎಣಿಸಿದಾಗ ಔಷಧಿಯವರಲ್ಲಿ 32 ಮಂದಿ, ವಿಶ್ರಾಂತಿಯವರಲ್ಲಿ 35 ಮಂದಿ ಹೋಗಿದ್ದರು. ಗೆಲುವು ಕರಗಿಹೋಗಿತ್ತು. ಒಂದೇ ಔಷಧಿಗೆ ಕ್ರಿಮಿ ಬಗ್ಗದೆ ನಿಂತದ್ದು ಅದಕ್ಕೆ ಮುಖ್ಯ ಕಾರಣ. ನಾಲ್ಕು ಔಷಧಿ ಒಟ್ಟಿಗೆ ಕೊಡುವ ಪದ್ಧತಿಗೆ ಬೇರು ಆ ಪಾಠದಲ್ಲಿದೆ.

ಆರನ್ನು ನಾಲ್ಕು ತಿಂಗಳಿಗೆ ಇಳಿಸಬಹುದೇ ಎಂದೂ ನೋಡಿದ್ದಾರೆ. 2014ರಲ್ಲಿ ಪ್ರಕಟವಾದ ರೆಮಾಕ್ಸ್ ಎಂಬ ಪರೀಕ್ಷೆಯಲ್ಲಿ 1931 ರೋಗಿಗಳಿದ್ದರು. ಮಾಕ್ಸಿಫ್ಲಾಕ್ಸಸಿನ್ ಸೇರಿಸಿದ ನಾಲ್ಕು ತಿಂಗಳ ಚಿಕಿತ್ಸೆಯಲ್ಲಿ ಕಫ ಬೇಗ ಶುದ್ಧವಾಯಿತು. ಆದರೆ ಕೊನೆಗೆ ಗುಣವಾಗಿ ಉಳಿದವರು ಕಡಿಮೆ. ಹಳೆಯ ಆರು ತಿಂಗಳ ಚಿಕಿತ್ಸೆಯಲ್ಲಿ ನೂರಕ್ಕೆ 92, ಹೊಸ ಎರಡು ವಿಧಗಳಲ್ಲಿ 85 ಮತ್ತು 80. ಕಫ ಶುದ್ಧವಾದದ್ದೇ ಗುಣವಾದ ಗುರುತು ಎಂದು ನಂಬಿದ್ದ ತಜ್ಞರಿಗೇ ಪೆಟ್ಟು ಬಿತ್ತು. ಮುಂದೆ 2021ರಲ್ಲಿ ಬೇರೊಂದು ನಾಲ್ಕು ತಿಂಗಳ ಜೋಡಣೆ, ರಿಫಾಪೆಂಟಿನ್ ಇರುವುದು, ಆರು ತಿಂಗಳಿಗೆ ಸರಿಸಮ ಎಂದು ಸಾಬೀತಾಯಿತು. ಅದು ಬೇರೆಯದೇ ಔಷಧಿಗಳ ಲೆಕ್ಕ. ಕೈಯಲ್ಲಿರುವ ಸಾಮಾನ್ಯ ಟಿಬಿ ಮಾತ್ರೆಯನ್ನು ನಾಲ್ಕೇ ತಿಂಗಳಿಗೆ ಬಿಡಲು ಅದು ಪರವಾನಗಿಯಲ್ಲ.

ಮಾತ್ರೆಯ ಎಲೆ ಕೈಗೆ ಬಂದಾಗ ಹುಟ್ಟುವ ಸಣ್ಣ ಪುಟ್ಟ ಗಾಬರಿಗಳೂ ಇವೆ. "ಅವನಿಗೆ ನಾಲ್ಕು, ನನಗೆ ಮೂರೇ ಯಾಕೆ ಸಿಸ್ಟರ್, ನಂದು ಕಡಿಮೆ ಕಾಯಿಲೆಯಾ?" ಎಂದು ಕೇಳುವವರಿದ್ದಾರೆ. ಎಣಿಕೆ ಕಾಯಿಲೆಯದಲ್ಲ, ತೂಕದ್ದು. 35ರಿಂದ 49 ಕೆಜಿ ಇರುವವರಿಗೆ ದಿನಕ್ಕೆ ಮೂರು, 50ರಿಂದ 64ರವರಿಗೆ ನಾಲ್ಕು. ಮಾತ್ರೆ ನುಂಗಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ರಕ್ತವೂ ಅಲ್ಲ, ಹೀಟೂ ಅಲ್ಲ, ಅದು ರಿಫಾಂಪಿಸಿನ್‌ನ ಬಣ್ಣ. ಬೆವರು, ಕಣ್ಣೀರಲ್ಲೂ ಕಾಣಬಹುದು. ಹೆದರಬೇಕಾದದ್ದು ಬೇರೆ ಇದೆ: ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ಬಿಟ್ಟು ಮನೆಯಲ್ಲಿ ಸುಮ್ಮನಿರುವುದಲ್ಲ.

ಹಾಗಾದರೆ ಊಟಕ್ಕೆ ಬೆಲೆಯೇ ಇಲ್ಲವೇ? ಮದರಾಸಿನ ಫಲಿತಾಂಶವನ್ನು ಅರ್ಧ ಓದಿದವರು ಹಾಗೇ ತಿಳಿದುಕೊಂಡರು. ಊಟ ಕಳಪೆಯಾದರೂ ಮಾತ್ರೆ ಕೆಲಸ ಮಾಡುತ್ತದೆ ಎಂದಿತ್ತೇ ಹೊರತು ಊಟವೇ ಬೇಡ ಎಂದು ಅಲ್ಲಿರಲಿಲ್ಲ. ಇದನ್ನು ನೇರ್ಪು ಮಾಡಿದ ಕೀರ್ತಿಯಲ್ಲಿ ಕರ್ನಾಟಕಕ್ಕೆ ಪಾಲಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ 'ರೇಷನ್ಸ್' ಎಂಬ ಪರೀಕ್ಷೆ ನಡೆಸಿದರು. 2800 ರೋಗಿಗಳು, ಅವರ ಮನೆಗಳ 10,345 ಜನ. ರೋಗಿಗಳೆಲ್ಲರಿಗೂ ತಿಂಗಳಿಗೆ ಹತ್ತು ಕೆಜಿಯ ಆಹಾರದ ಚೀಲ: ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ. ಹೋಲಿಕೆ ನಡೆದದ್ದು ಮನೆಯವರ ನಡುವೆ. ಅರ್ಧ ಕಡೆ ತಲೆಗೆ ತಿಂಗಳಿಗೆ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಉಳಿದ ಕಡೆ ಆಹಾರ ರೋಗಿಗೆ ಮಾತ್ರ.

2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಗಳು ಪ್ರಕಟಿಸಿದ ಫಲಿತಾಂಶ ಹೀಗಿದೆ: ಅಕ್ಕಿ ಬೇಳೆ ಪಡೆದ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇಕಡ 39ರಷ್ಟು ಇಳಿಯಿತು. ಅಂಟುವ ಬಗೆಯ ಟಿಬಿಯಂತೂ ಶೇಕಡ 48. ರೋಗಿಗಳ ಪೈಕಿ ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡ ಐದರಷ್ಟು ಏರಿದವರಲ್ಲಿ ಸಾವಿನ ಅಪಾಯ ಸುಮಾರು ಶೇಕಡ 60 ಕಡಿಮೆ ಕಂಡಿತು. ರೋಗಿಗಳ ಈ ಎರಡನೇ ಲೆಕ್ಕ ಹೋಲಿಕೆಯ ಪರೀಕ್ಷೆಯದಲ್ಲ, ಆದ್ದರಿಂದ ಅದನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಮೊದಲನೆಯದು ಮಾತ್ರ ಗಟ್ಟಿ. ಅಂದರೆ ಊಟ ಮುಖ್ಯವಾಗಿ ಬೇಕಾದದ್ದು ಯಾರಿಗೆ? ಬರೀ ಕೆಮ್ಮುವವರಿಗಲ್ಲ, ಅವರ ಪಕ್ಕದಲ್ಲಿ ಮಲಗುವ ಮಕ್ಕಳಿಗೆ, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಅಮ್ಮನಿಗೆ. ಅಕ್ಕಿ ನಮ್ಮ ಕಡೆ ಹೇಗೋ ಒದಗುತ್ತದೆ, ಕೈಕಚ್ಚುವುದು ಬೇಳೆ. ರೋಗಿಯ ಖಾತೆಗೆ ಬೀಳುವ ನಿಕ್ಷಯ್ ಪೋಷಣ್ ದುಡ್ಡು 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಅದನ್ನು ಒಬ್ಬರ ಹಾರ್ಲಿಕ್ಸ್‌ಗೆ ಹಾಕುವ ಬದಲು ಹುರುಳಿ, ಶೇಂಗಾ, ಮೊಟ್ಟೆ ತಂದು ಮನೆಯವರೆಲ್ಲ ತಿನ್ನುವುದು ಲೇಸು. ಆಡು ಇದ್ದರೆ ಹಾಲನ್ನೂ ಕುಡಿಯಲಿ, ಚೆನ್ನಾಗಿ ಕಾಯಿಸಿ, ಮಾತ್ರೆಯ ಜೊತೆಗೆ.

ಕೊನೆಯ ತಪ್ಪು ಕಲ್ಪನೆ ಓದಿದವರದ್ದು: ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ಅದಕ್ಕೇ ತಡವಾಗಿ ಬರುತ್ತಾರೆ. ಹಿರಿಯೂರು ದಾಟಿ ಬೆಂಗಳೂರು ರಸ್ತೆ ಹಿಡಿದರೆ ಸಿಗುವ ಶಿರಾ ತುಮಕೂರು ಜಿಲ್ಲೆಯದು. ಆ ಜಿಲ್ಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಟಿಬಿ ಇದ್ದವರನ್ನು ಮನೆಯಲ್ಲೇ ಕಂಡು ಮಾತಾಡಿಸಿದರು. 1963ರಲ್ಲಿ ಬಂದ ಅವರ ವರದಿಯ ಪ್ರಕಾರ ನೂರಕ್ಕೆ 95 ಮಂದಿಗೆ ತಮ್ಮ ಲಕ್ಷಣ ಗೊತ್ತಿತ್ತು, 72 ಮಂದಿಗೆ ಅದರ ಚಿಂತೆ ಹತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರ ಕೈಗೆ ಬಂದದ್ದು ಕೆಮ್ಮಿನ ಔಷಧಿಯ ಬಾಟಲಿ. ರೋಗಿ ಬಾಗಿಲಿಗೆ ಬಂದಿದ್ದ, ಕಫ ನೋಡುವವರು ಇರಲಿಲ್ಲ. ಕೆಮ್ಮು ಎಂದು ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸಬೇಕು ಎಂಬ ನಿಯಮ ದೇಶದ ಕ್ಷಯ ಕಾರ್ಯಕ್ರಮಕ್ಕೆ ಬಂದ ಹಿನ್ನೆಲೆಯಲ್ಲಿ ಈ ಅಧ್ಯಯನವಿದೆ.

ಈಗ ಪರೀಕ್ಷೆ ಸೂಕ್ಷ್ಮದರ್ಶಕವನ್ನೂ ದಾಟಿದೆ. ಬೆಂಗಳೂರಿನ ಬಿಗ್‌ಟೆಕ್ ರೂಪಿಸಿದ ಟ್ರೂನ್ಯಾಟ್ ಯಂತ್ರ ಕ್ರಿಮಿಯ ಜೊತೆಗೆ ಅದು ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಗಣಿ, ಕ್ರಷರ್ ಧೂಳಿನಲ್ಲಿ ದುಡಿದವರು, ಸಕ್ಕರೆ ಕಾಯಿಲೆಯವರು "ಧೂಳಿನ ಕೆಮ್ಮು" ಎಂದು ತಳ್ಳಿಹಾಕದೆ ಇನ್ನೂ ಬೇಗ ಹೋಗಬೇಕು, ಇಬ್ಬರಿಗೂ ಟಿಬಿಯ ಅಪಾಯ ಜಾಸ್ತಿ. ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ಪು ಬರೆದುಕೊಟ್ಟರೆ ಬಾಟಲಿ ಇಸಿದುಕೊಳ್ಳುವ ಮೊದಲು ಕಫದ ಡಬ್ಬಿ ಕೇಳಿ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ಬಂದದ್ದನ್ನೇ ತುಂಬಿ. ಬರೀ ಎಂಜಲು ಕೊಟ್ಟರೆ ಯಂತ್ರಕ್ಕೂ ಏನೂ ಕಾಣುವುದಿಲ್ಲ.