ನಮೂನೆಗೆ ತಕ್ಕ ಪ್ರಿಂಟರ್: ಬಿಲ್ಲು ಮಂಜೂರಾತಿಗೆ ಮುನ್ನ ನೋಡಬೇಕಾದದ್ದು

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಪ್ರಿಂಟರ್ ಖರೀದಿಯ ವಿಷಯ ಬಂದಾಗ ಚರ್ಚೆಯು ಬಹುಮಟ್ಟಿಗೆ ದರದ ಸುತ್ತಲೇ ನಡೆದು ಮುಗಿಯುತ್ತದೆ. ಯಂತ್ರ ಬಂದ ದಿನ ಸರಬರಾಜುದಾರರು ಒಂದು ಪರೀಕ್ಷಾ ಪುಟವನ್ನು ಮುದ್ರಿಸಿ ತೋರಿಸುತ್ತಾರೆ. ಪುಟವು ಸ್ವಚ್ಛವಾಗಿದ್ದರೆ ಬಿಲ್ಲು ಮಂಜೂರಾಗುತ್ತದೆ. ಆದರೆ ಆ ಪುಟದಲ್ಲಿ ಇರುವುದು ಇಂಗ್ಲಿಷಿನ ಕೆಲವು ಸಾಲುಗಳು ಮತ್ತು ಒಂದು ಚಿಹ್ನೆ ಮಾತ್ರ. ಕೇಬಲ್ ಸರಿಯಿದೆ, ಡ್ರೈವರ್ ಅಳವಡಿಕೆಯಾಗಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ. ಇ-ಸ್ವತ್ತು ತಂತ್ರಾಂಶದ ನಮೂನೆ 9 ಹಾಗೂ 11, ಪಂಚತಂತ್ರದ ಕರ ರಸೀದಿ, ಉದ್ಯೋಗ ಖಾತರಿಯ ಎನ್‌ಎಂಆರ್ ಇವು ಅದೇ ಯಂತ್ರದಲ್ಲಿ ಸರಿಯಾಗಿ ಮೂಡುವವೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಈ ಪ್ರಶ್ನೆಯ ತೂಕವನ್ನು ಅರಿಯಲು ನರಗುಂದ ತಾಲ್ಲೂಕಿನ ಕೊಣ್ಣೂರನ್ನು ನೋಡಬಹುದು. ಮಲಪ್ರಭೆಯ ದಂಡೆಯ ಈ ಊರು 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ತೀವ್ರವಾಗಿ ಬಾಧಿತವಾಯಿತು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಸಂಚಾರವೂ ಇಲ್ಲಿ ಕಡಿದುಹೋಗಿತ್ತು. ನೆರೆ ಬರುವ ಊರಿನಲ್ಲಿ ಟ್ರಂಕಿನೊಳಗಿನ ಹಳೆಯ ಕಾಗದಪತ್ರ ನೀರುಪಾಲಾದರೆ, ಮನೆ ತನ್ನದೆಂದು ತೋರಿಸಲು ಕುಟುಂಬಕ್ಕೆ ಉಳಿಯುವುದು ಪಂಚಾಯತಿಯಿಂದ ಪಡೆಯುವ ಪ್ರತಿ. ಆ ಪ್ರತಿಯಲ್ಲಿ ಪತ್ರದ ಸಂಖ್ಯೆಯ ಕೊನೆಯ ಅಂಕಿ ಅಂಚಿನಲ್ಲಿ ಕತ್ತರಿಸಿಹೋಗಿದ್ದರೆ, ಅಥವಾ ಹೆಸರಿನ ಒತ್ತಕ್ಷರ ಕಲಸಿಹೋಗಿದ್ದರೆ, ಬ್ಯಾಂಕಿನಲ್ಲಿಯೋ ಉಪನೋಂದಣಿ ಕಚೇರಿಯಲ್ಲಿಯೋ ಅದನ್ನು ಹಿಂದಿರುಗಿಸುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಹೋದವರು ಮತ್ತೊಂದು ದಿನದ ಕೂಲಿ ಬಿಟ್ಟು ಪಂಚಾಯತಿಗೆ ಬರಬೇಕಾಗುತ್ತದೆ. ತಪ್ಪು ಅವರದಲ್ಲ, ದತ್ತಾಂಶ ನಮೂದಿಸಿದವರದೂ ಅಲ್ಲ.

ಹೊಂದಾಣಿಕೆ ತಪ್ಪುವ ಮೊದಲ ಜಾಗ ಕಾಗದದ ಅಳತೆ. ಎ4 ಹಾಳೆಯ ಅಳತೆ 210 × 297 ಮಿ.ಮೀ. ಅನೇಕ ಗಣಕಯಂತ್ರಗಳಲ್ಲಿ ಮೊದಲಿನಿಂದ ಆಯ್ಕೆಯಾಗಿರುವ ಅಮೆರಿಕದ ಲೆಟರ್ ಅಳತೆ 216 × 279 ಮಿ.ಮೀ. ಅಂದರೆ ಉದ್ದದಲ್ಲಿ 18 ಮಿ.ಮೀ. ಕಡಿಮೆ. ಎ4ಗೆ ಸಿದ್ಧಪಡಿಸಿದ ನಮೂನೆಯನ್ನು ಈ ಆಯ್ಕೆಯಲ್ಲಿ ಮುದ್ರಿಸಿದರೆ ಕೆಳಗಿನ ಸಾಲುಗಳು ಎರಡನೆಯ ಹಾಳೆಗೆ ಜಾರುತ್ತವೆ, ಇಲ್ಲವೇ ಇಡೀ ನಮೂನೆ ಕುಗ್ಗುತ್ತದೆ. ಸಾಮಾನ್ಯ ಲೇಸರ್ ಪ್ರಿಂಟರ್ ಹಾಳೆಯ ಅಂಚಿನ ಸುಮಾರು 4 ಮಿ.ಮೀ. ಜಾಗದಲ್ಲಿ ಏನನ್ನೂ ಮುದ್ರಿಸಲಾರದು ಎಂಬುದನ್ನೂ ಗಮನಿಸಬೇಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ; ಡ್ರೈವರ್‌ನಲ್ಲಿಯೂ ಬ್ರೌಸರ್‌ನಲ್ಲಿಯೂ ಎ4 ಆಯ್ದು, ಗಾತ್ರವನ್ನು ನೂರು ಪ್ರತಿಶತಕ್ಕೆ ನಿಲ್ಲಿಸಿದರೆ ಸಾಕು. ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡುವುದು ಸದಸ್ಯರೂ ಮಾಡಬಹುದಾದ ಕೆಲಸ.

ಎರಡನೆಯದು ಕನ್ನಡ ಅಕ್ಷರ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳು ಇಂಗ್ಲಿಷ್ ಅಕ್ಷರಗಳನ್ನು ತಮ್ಮೊಳಗೇ ಇರಿಸಿಕೊಂಡಿರುತ್ತವೆ, ಆದ್ದರಿಂದ ಬೇಗ ಮುದ್ರಿಸುತ್ತವೆ. ಕನ್ನಡ ಅವುಗಳೊಳಗೆ ಇಲ್ಲ. ಗಣಕಯಂತ್ರವು ಪ್ರತಿ ಸಾಲನ್ನೂ ಚಿತ್ರವಾಗಿ ಮಾಡಿ ಕಳುಹಿಸಬೇಕು. ಇಂಗ್ಲಿಷ್ ಪುಟ ಸರಾಗವಾಗಿ ಬರುವಲ್ಲಿ ಕನ್ನಡ ಪುಟ ತೆವಳುವುದು ಇದರಿಂದ. 9 ಪಿನ್ನುಗಳ ಯಂತ್ರದಲ್ಲಿ ಚಿಕ್ಕ ಗಾತ್ರದ ಒತ್ತಕ್ಷರ ನಿಚ್ಚಳವಾಗದು. ‘ಕೊಣ್ಣೂರು’ ಎಂಬ ಊರ ಹೆಸರೇ ಒಳ್ಳೆಯ ಪರೀಕ್ಷೆ: ಣಕಾರದ ಒತ್ತು, ಅದರ ಮೇಲೆ ದೀರ್ಘ. ಇವೆರಡೂ ಬೇರೆಬೇರೆಯಾಗಿ ಕಾಣದಿದ್ದರೆ ಯಲ್ಲವ್ವ, ಸಿದ್ದಪ್ಪ ಮುಂತಾದ ಹೆಸರುಗಳೂ ಕಾಣವು. 24 ಪಿನ್ನಿನ ಯಂತ್ರ ಇದಕ್ಕಿಂತ ಉತ್ತಮ. ಲೇಸರ್ ಮತ್ತೂ ಉತ್ತಮ. ಆದರೂ ಡಾಟ್ ಮ್ಯಾಟ್ರಿಕ್ಸ್ ಯಂತ್ರವನ್ನು ಗುಜರಿಗೆ ಹಾಕಲು ಅವಸರಪಡಬಾರದು. ಕಾರ್ಬನ್ ಪ್ರತಿಯ ರಸೀದಿ ಬೇಕಾದಲ್ಲಿ ಪಿನ್ನು ಒತ್ತುವ ಯಂತ್ರವೇ ಆಗಬೇಕು. ಲೇಸರ್ ಯಂತ್ರವು ಕಾಗದವನ್ನು ಒತ್ತುವುದಿಲ್ಲವಾದ್ದರಿಂದ ಕೆಳಗಿನ ಪ್ರತಿ ಖಾಲಿ ಉಳಿಯುತ್ತದೆ.

ಕೆಲವೊಮ್ಮೆ ಪರದೆಯ ಮೇಲೆ ಸರಿಯಿದ್ದ ಅಕ್ಷರ ಕಾಗದದ ಮೇಲೆ ಚೌಕಗಳಾಗಿಯೋ ಅರ್ಥವಿಲ್ಲದ ಚಿಹ್ನೆಗಳಾಗಿಯೋ ಬರುತ್ತದೆ. ಆಗ ಪ್ರಿಂಟರನ್ನು ದೂಷಿಸುವ ಮೊದಲು ಅದೇ ನಮೂನೆಯನ್ನು ಪಿಡಿಎಫ್ ಕಡತವಾಗಿ ಉಳಿಸಿ ತೆರೆಯಬೇಕು. ಪಿಡಿಎಫ್‌ನಲ್ಲಿಯೂ ಅಕ್ಷರ ಕೆಟ್ಟಿದ್ದರೆ ದೋಷ ಫಾಂಟಿನದು ಅಥವಾ ತಂತ್ರಾಂಶದ್ದು. ನುಡಿಯ ಹಳೆಯ ಫಾಂಟಿನಲ್ಲಿ ಸಿದ್ಧವಾದ ಕಡತವನ್ನು ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದಾಗ ಹೀಗಾಗುವುದುಂಟು. ಅಲ್ಲಿ ಎಷ್ಟು ಪ್ರಿಂಟರ್ ಬದಲಿಸಿದರೂ ಫಲವಿಲ್ಲ. ಪಿಡಿಎಫ್ ಸರಿಯಿದ್ದು ಕಾಗದ ಮಾತ್ರ ಕೆಟ್ಟಿದ್ದರೆ ದೋಷ ಡ್ರೈವರಿನದು. ಪುಟವನ್ನು ಚಿತ್ರರೂಪದಲ್ಲಿ ಮುದ್ರಿಸುವ ಆಯ್ಕೆಯಿಂದ ತತ್ಕಾಲಕ್ಕೆ ಕೆಲಸ ಸಾಗುತ್ತದೆ. ಈ ಒಂದು ಪರೀಕ್ಷೆಯು ಅನೇಕ ವ್ಯರ್ಥ ಖರೀದಿಗಳನ್ನು ತಡೆಯಬಲ್ಲದು.

ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರುವ ನಮೂನೆಯನ್ನು ಕಣ್ಣಿನಿಂದ ನೋಡಿ ಒಪ್ಪುವಂತಿಲ್ಲ. ಟೋನರ್ ಉಳಿತಾಯದ ಆಯ್ಕೆಯಲ್ಲಿ ಮುದ್ರಿಸಿದ ಕೋಡ್ ಕಪ್ಪಾಗಿಯೇ ಕಂಡರೂ ಯಂತ್ರ ಅದನ್ನು ಓದದೇ ಹೋಗಬಹುದು. ಸದಸ್ಯರ ಕೈಯಲ್ಲಿರುವ ಮೊಬೈಲಿನಿಂದಲೇ ಓದಿಸಿ ನೋಡಬಹುದು. ಮೂಲ ಹಾಳೆಯನ್ನಷ್ಟೇ ಅಲ್ಲದೆ ಅದರ ಝೆರಾಕ್ಸ್ ಪ್ರತಿಯನ್ನೂ ಓದಿಸುವುದು ಒಳಿತು. ಜನರು ಕಚೇರಿಗಳಿಗೆ ಕೊಂಡೊಯ್ಯುವುದು ಹೆಚ್ಚಾಗಿ ಅದನ್ನೇ.

ಕರ ವಸೂಲಿಗೆ ಬಳಸುವ ಕೈಯಂತ್ರಗಳ ರಸೀದಿಯದು ಬೇರೆ ಸಮಸ್ಯೆ. ಅದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಬಿಸಿಲಿಗೆ, ಪ್ಲಾಸ್ಟಿಕ್ ಚೀಲದ ಸಂಪರ್ಕಕ್ಕೆ ಅಕ್ಷರ ಮಾಸುತ್ತದೆ. ಕೆಲವು ವರ್ಷಗಳ ನಂತರ ಬಿಳಿಯ ಚೀಟಿ ಮಾತ್ರ ಉಳಿದೀತು. ಬಾಕಿಯ ತಕರಾರು ಬಂದಾಗ ಕರ ಕಟ್ಟಿದವರ ಬಳಿ ಸಾಕ್ಷಿಯಿಲ್ಲದಂತಾಗುತ್ತದೆ. ಕೇಳಿದವರಿಗೆ ಎ4 ಹಾಳೆಯ ಪ್ರತಿ ಕೊಡುವ ವ್ಯವಸ್ಥೆ ಕಚೇರಿಯಲ್ಲಿರಬೇಕು. ಬಾಳಿಕೆ ಬರುವ ಪ್ರತಿಯ ಚಿಂತೆ ಕೊಣ್ಣೂರಿಗೆ ಹೊಸದೇನಲ್ಲ: ಅಲ್ಲಿನ ಪರಮೇಶ್ವರ ದೇವಾಲಯದಲ್ಲಿ ದೊರೆತ ಶಾಸನವು ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಕ್ರಿ.ಶ. 860ರ ದಾನವನ್ನು ದಾಖಲಿಸುತ್ತದೆ; ತಾಮ್ರಪಟದಲ್ಲಿದ್ದುದನ್ನು ಕಲ್ಲಿಗೆ ಇಳಿಸಲಾಯಿತೆಂದು ಶಾಸನವೇ ತಿಳಿಸುತ್ತದೆ.

ಖರೀದಿಯ ಹಂತದಲ್ಲಿ ಸದಸ್ಯರು ಕೇಳಬೇಕಾದದ್ದು ಹೆಚ್ಚಿಲ್ಲ. ಬೇಡಿಕೆಯ ವಿವರಣೆಯಲ್ಲಿ ಕಂಪನಿಯ ಹೆಸರಿಗಿಂತ ಯಂತ್ರ ಮಾಡಬೇಕಾದ ಕೆಲಸ ಬರೆದಿರಬೇಕು: ಯಾವ ನಮೂನೆ, ಯಾವ ಅಳತೆಯ ಕಾಗದ, ದಿನಕ್ಕೆ ಎಷ್ಟು ಪುಟ. ಕಚೇರಿಯ ಗಣಕಯಂತ್ರದಲ್ಲಿರುವ ವಿಂಡೋಸ್ ಆವೃತ್ತಿ ಯಾವುದು, 32 ಬಿಟ್ಟಿನದೇ 64 ಬಿಟ್ಟಿನದೇ ಎಂಬುದನ್ನೂ ಸೇರಿಸಬೇಕು. ಕಡಿಮೆ ಬೆಲೆಯ ಅನೇಕ ಪ್ರಿಂಟರ್‌ಗಳು ತಮ್ಮದೇ ಡ್ರೈವರ್ ಇಲ್ಲದೆ ಒಂದು ಅಕ್ಷರವನ್ನೂ ಮುದ್ರಿಸವು. ಪಂಚಾಯತಿಯ ಗಣಕಯಂತ್ರದಿಂದಲೇ, ಪಂಚಾಯತಿಯ ನಮೂನೆಗಳನ್ನೇ ಮುದ್ರಿಸಿ ತೋರಿಸಿದ ನಂತರ ಹಣ ಪಾವತಿ ಎಂಬ ಷರತ್ತು ಸರಬರಾಜು ಆದೇಶದಲ್ಲಿರಲಿ. ಯಂತ್ರದ ಬೆಲೆಯ ಜೊತೆಗೆ ಟೋನರಿನ ಬೆಲೆ ಮತ್ತು ಅದರಿಂದ ಬರುವ ಪುಟಗಳ ಸಂಖ್ಯೆಯನ್ನು ಕೇಳಿದರೆ ಅಗ್ಗದ ಯಂತ್ರ ಅಗ್ಗವೇ ಎಂಬುದು ಸಭೆಯಲ್ಲೇ ತಿಳಿಯುತ್ತದೆ.

ಪರೀಕ್ಷೆಗೆ ಬಳಸಿದ ಹಾಳೆಗಳಲ್ಲಿ ನಿಜವಾದ ಆಸ್ತಿಯ ವಿವರವಿರುವುದರಿಂದ ಅವುಗಳ ಮೇಲೆ ಅಡ್ಡಗೆರೆ ಎಳೆದು ‘ಪರೀಕ್ಷಾ ಪ್ರತಿ’ ಎಂದು ಬರೆದು, ದಿನಾಂಕ ಸಹಿತ ಖರೀದಿ ಕಡತದಲ್ಲಿ ಇರಿಸಬೇಕು. ತಂತ್ರಾಂಶದ ಆವೃತ್ತಿಯಾಗಲಿ ವಿಂಡೋಸ್ ಆಗಲಿ ಬದಲಾದಾಗ ಅದೇ ನಮೂನೆಗಳನ್ನು ಮತ್ತೆ ಮುದ್ರಿಸಿ, ಹಳೆಯ ಹಾಳೆಯ ಪಕ್ಕದಲ್ಲಿಟ್ಟು ಹೋಲಿಸತಕ್ಕದ್ದು.